ಆ ಮರಳು ಖಾಲಿ ಇಲ್ಲ

ಮೊನ್ನೆ ಆಫೀಸಿನ ಗೆಳೆಯರೊಬ್ಬರು ರೀಲ್ ತೋರಿಸಿದರು. ಗೋಕರ್ಣದ ಕಡೆಯ ಬೀಚು, ರಾತ್ರಿ ಹೊತ್ತು. ನೀರಿನ ಅಂಚಿನಲ್ಲಿ ಅವರ ಜೀಪು ಸುತ್ತು ಹೊಡೆಯುತ್ತಿದೆ. "ಯಾರೂ ಇರಲಿಲ್ಲ ಕಣ್ರೀ, ಪೂರ್ತಿ ಖಾಲಿ" ಅಂದರು. ಆ ಮಾತು ಇವತ್ತಿಗೂ ಮನಸ್ಸಿನಲ್ಲಿ ಕೊರೆಯುತ್ತಿದೆ.

ಬೆಂಗಳೂರಿನವರಿಗೆ ಕಡಲು ಅಂದರೆ ಶುಕ್ರವಾರ ರಾತ್ರಿ ಬಸ್ಸು ಹತ್ತಿ, ಸೋಮವಾರ ಬೆಳಿಗ್ಗೆ ಕೆಲಸಕ್ಕೆ ವಾಪಸ್ ಬರುವ ಜಾಗ. ಅಲೆ ನೋಡುತ್ತೇವೆ, ಸೂರ್ಯ ಮುಳುಗುವುದನ್ನು ನೋಡುತ್ತೇವೆ. ಕಾಲ ಕೆಳಗೆ ನೋಡುವುದೇ ಇಲ್ಲ. ನನಗೆ ಅದನ್ನು ತೋರಿಸಿದ್ದು ನನ್ನ ಮಗಳು. ಬೆಳಿಗ್ಗೆ ನೀರು ಇಳಿದಾಗ, "ಅಪ್ಪಾ, ಯಾರೋ ಬೂಂದಿ ಚೆಲ್ಲಿದ್ದಾರೆ!" ಅಂತ ಕೂಗಿದಳು. ನಿಜಕ್ಕೂ ಹಾಗೇ ಇತ್ತು. ಒಂದು ಪುಟ್ಟ ತೂತಿನ ಸುತ್ತ ನೂರಾರು ಮರಳಿನ ಉಂಡೆ. ಅದು ಉಗುರಿನಷ್ಟೇ ಇರುವ ಏಡಿಯ ಕೆಲಸ. ಮರಳನ್ನು ಬಾಯಿಗೆ ಹಾಕಿಕೊಂಡು, ಕಾಳಿಗೆ ಅಂಟಿದ ಪಾಚಿ, ಕೊಳೆತ ಚೂರುಗಳನ್ನು ಮಾತ್ರ ತಿನ್ನುತ್ತದೆ. ಉಳಿದದ್ದನ್ನು ಉಂಡೆ ಕಟ್ಟಿ ಪಕ್ಕಕ್ಕಿಡುತ್ತದೆ. ಭರತ ಬಂದು ಎಲ್ಲವನ್ನೂ ಅಳಿಸುತ್ತದೆ. ನೀರು ಇಳಿದ ಮೇಲೆ ಮತ್ತೆ ಮೊದಲಿನಿಂದ ಶುರು.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟ ಮೋಲ್ ಕ್ರ್ಯಾಬ್ ಅನ್ನುವ ಇನ್ನೊಂದು ಏಡಿ. ಇದಕ್ಕೆ ಕೊಂಡಿಯೇ ಇಲ್ಲ. ಅಲೆ ಒಡೆಯುವ ಜಾಗದಲ್ಲೇ ಇದರ ಸಂಸಾರ. ಕ್ಷಣದಲ್ಲಿ ಹಿಮ್ಮುಖವಾಗಿ ಮರಳೊಳಗೆ ಇಳಿದುಬಿಡುತ್ತದೆ. ಅಲೆ ಹಿಂದಕ್ಕೆ ಹೋಗುವಾಗ ಗರಿಯಂಥ ಮೀಸೆ ಚಾಚಿ, ಹರಿಯುವ ನೀರಿನಿಂದಲೇ ಊಟ ಸೋಸಿಕೊಳ್ಳುತ್ತದೆ. ಭರತ ಏರಿದಂತೆ ಮೇಲಕ್ಕೆ, ಇಳಿದಂತೆ ಕೆಳಕ್ಕೆ ನೀರಿನ ಜೊತೆಗೇ ಮನೆ ಬದಲಿಸುತ್ತದೆ. ಅಂಗೈಯಲ್ಲಿ ಒಮ್ಮೆ ಹಿಡಿದಿದ್ದೆ. ಬೆರಳ ಸಂದಿಯಲ್ಲೂ ತೋಡಲು ನೋಡುತ್ತಿತ್ತು! ಹೊಟ್ಟೆಯಡಿ ಕಿತ್ತಳೆ ಬಣ್ಣದ ಮೊಟ್ಟೆಗಳಿದ್ದವು. ತಕ್ಷಣ ಬಿಟ್ಟುಬಿಟ್ಟೆ.

ಇನ್ನು ಮರಳಿನ ಕಾಳು ಕಾಳುಗಳ ಸಂದಿಯಲ್ಲೇ ಬದುಕುವವು ಬೇರೆ. ಒಂದು ಮಿಲಿಮೀಟರಿಗಿಂತ ಚಿಕ್ಕ ಹುಳುಗಳು, ಸೀಗಡಿಯ ದೂರದ ನೆಂಟರು. ಪ್ರತಿ ಅಲೆಯ ನೀರೂ ಒಂದಿಷ್ಟು ಮರಳೊಳಗೆ ಇಳಿಯುತ್ತದೆ. ಅದರಲ್ಲಿ ಬರುವ ಕೊಳೆಯನ್ನು ಬ್ಯಾಕ್ಟೀರಿಯಾ ಮತ್ತು ಇವು ಸೇರಿ ಕರಗಿಸುತ್ತವೆ. ನಾವು ಕಸ ಅಂದುಕೊಳ್ಳುವ ಕಡಲಪಾಚಿಯ ರಾಶಿಯೂ ಮರಳಿನ ಹುಳಹುಪ್ಪಟೆಗಳ ಊಟ. ಅವುಗಳನ್ನು ನಂಬಿಕೊಂಡು ಚಳಿಗಾಲದಲ್ಲಿ ಹಿಮಾಲಯದ ಆ ಕಡೆಯಿಂದ ಪುಟ್ಟ ಹಕ್ಕಿಗಳು ನಮ್ಮ ಕರಾವಳಿಗೆ ಬರುತ್ತವೆ. ಪ್ಲಾಸ್ಟಿಕ್ ಹೆಕ್ಕಿ, ದಯವಿಟ್ಟು ಹೆಕ್ಕಿ. ಪಾಚಿಯನ್ನು ಅಲ್ಲೇ ಬಿಡಿ.

ಈಗ ಆ ಜೀಪಿನ ವಿಷಯ. ಕಣ್ಣು ಕಡ್ಡಿಯ ಮೇಲಿಟ್ಟುಕೊಂಡು ಓಡುವ ಗೋಸ್ಟ್ ಕ್ರ್ಯಾಬ್ ಅನ್ನುವ ಏಡಿ ಹಗಲು ಬಹಳ ಹೊತ್ತು ಬಿಲದಲ್ಲಿರುತ್ತದೆ. ಬಿಲ ಆಳವಾಗಿದ್ದರೆ ಬಚಾವ್. ಮರಿಗಳ ಬಿಲ ಆಳ ಇರುವುದಿಲ್ಲ, ಚಕ್ರದಡಿ ಅಲ್ಲೇ ಜಜ್ಜಿಹೋಗುತ್ತವೆ. ಕತ್ತಲಾದರೆ ಚಿಕ್ಕದು ದೊಡ್ಡದು ಎಲ್ಲ ಊಟಕ್ಕೆ ಹೊರಗೆ, ನೀರಿನ ಅಂಚಿಗೇ ಬರುತ್ತವೆ. ಗಾಡಿ ಓಡಿಸುವವರಿಗೂ ಅದೇ ಗಟ್ಟಿ ಮರಳು ಬೇಕು, ಅದೇ ಹೊತ್ತು ಬೇಕು. ಅದಕ್ಕೇ ನನಗೆ ಅಷ್ಟು ಸಂಕಟವಾಗಿದ್ದು. ಗಾಡಿ ಓಡಾಡುವ ತೀರಗಳಲ್ಲಿ ಈ ಏಡಿಗಳು ಕಡಿಮೆಯಾಗುವುದನ್ನು ಹಲವು ದೇಶಗಳಲ್ಲಿ ಬಿಲ ಎಣಿಸಿ ನೋಡಿದ್ದಾರೆ.

ಇಷ್ಟನ್ನೂ ಆ ಗೆಳೆಯರಿಗೆ ಹೇಳಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಆಮೇಲೆ, "ಬಿಲದಲ್ಲಿ ಏಡಿ ಇದೆ ಅಂತ ಗೊತ್ತಾಗೋದು ಹೇಗೆ?" ಅಂದರು. ಬೆಳಿಗ್ಗೆ ಬೇಗ ಎದ್ದು ನಡೆದು ಹೋಗಿ. ತೂತಿನ ಬಾಯಲ್ಲಿ ಒದ್ದೆ ಮರಳು ಬೀಸಣಿಗೆಯ ಹಾಗೆ ಚೆಲ್ಲಿದ್ದರೆ, ಒಳಗೆ ಆಗಷ್ಟೇ ಮನೆಗೆಲಸ ಮುಗಿಸಿದವರು ಇದ್ದಾರೆ.