ಮೀನು ನೋಡಲು ಹೋಗಿ ಮಬ್ಬು ನೋಡಿ ಬಂದೆ

ನನ್ನ ಕನ್ನಡಕದ ಪವರ್ ಮೈನಸ್ ಐದೂವರೆ. ಅದನ್ನು ತೆಗೆದರೆ ಎದುರಿಗೆ ನಿಂತಿರುವುದು ಹೆಂಡತಿಯೋ ಅತ್ತೆಯೋ ಅಂತ ದನಿ ಕೇಳಿಯೇ ಹೇಳಬೇಕು. ಇಂಥವನು ಡಿಸೆಂಬರ್ ರಜೆಗೆ ಅಂಡಮಾನಿನಲ್ಲಿ ಸ್ನಾರ್ಕೆಲಿಂಗ್ (ಕಣ್ಣು ಮೂಗು ಮುಚ್ಚುವ ಗಾಜಿನ ಮಾಸ್ಕ್ ಹಾಕಿ, ಬಾಯಲ್ಲಿ ಕೊಳವೆ ಕಚ್ಚಿ, ತೇಲುತ್ತಾ ನೀರೊಳಗಿನ ಮೀನು ನೋಡುವುದು) ಮಾಡಲು ಹೊರಟಾಗ ಟ್ರಾವೆಲ್ಸ್‌ನವನನ್ನು ಕೇಳಿದ್ದು ಒಂದೇ ಒಂದು ಪ್ರಶ್ನೆ. "ಪವರ್ ಇರೋ ಮಾಸ್ಕ್ ಸಿಗುತ್ತಾ?" ಬುಕ್ ಮಾಡುವಾಗ ಒಂದು ಸಲ, ಹೊರಡುವ ಹಿಂದಿನ ದಿನ ಇನ್ನೊಂದು ಸಲ. ಎರಡೂ ಸಲ ಒಂದೇ ಉತ್ತರ: "ಎಲ್ಲಾ ಇದೆ ಸರ್, ಟೆನ್ಷನ್ ತಗೋಬೇಡಿ." ಇಲ್ಲ ಅಂದಿದ್ದರೆ ಬೆಂಗಳೂರಿನಲ್ಲೇ ಒಂದು ಕೊಳ್ಳುತ್ತಿದ್ದೆ. ಅರ್ಧರ್ಧ ಪವರ್ ಲೆಕ್ಕದಲ್ಲಿ ರೆಡಿ ಗಾಜು ಸಿಗುತ್ತದೆ. ನಂಬಿ ಸುಮ್ನಾದೆ.

ವಿಮಾನ, ಆಮೇಲೆ ಹಡಗು, ಹ್ಯಾವ್‌ಲಾಕ್. (2018ರಲ್ಲೇ ಸ್ವರಾಜ್ ದ್ವೀಪ ಅಂತ ಹೆಸರು ಬದಲಾಗಿದೆ, ಜೆಟ್ಟಿಯಲ್ಲಿ ಯಾರ ಬಾಯಲ್ಲೂ ಅದು ಕೇಳಲಿಲ್ಲ.) ಅಲ್ಲಿಂದ ದೋಣಿಯಲ್ಲಿ ಎಲಿಫೆಂಟ್ ಬೀಚ್. ಒಬ್ಬ ಹುಡುಗ ಪ್ಲಾಸ್ಟಿಕ್ ಕ್ರೇಟಿನಿಂದ ಒಂದು ಮಾಸ್ಕ್ ತೆಗೆದು ಕೊಟ್ಟ. ಪವರ್ ಇರೋದು ಕೊಡಪ್ಪಾ ಅಂದರೆ ಹಾವೇರಿಯ ರೊಟ್ಟಿ ಕೇಳಿದವನ ಹಾಗೆ ನನ್ನ ಮುಖ ನೋಡಿದ. ಅಂಥದ್ದೊಂದು ಇದೆ ಅನ್ನೋದೇ ಪಾಪ ಅವನಿಗೆ ಗೊತ್ತಿಲ್ಲ. ಪಕ್ಕದಲ್ಲಿದ್ದ ಹಿರಿಯ ಸಮಾಧಾನ ಮಾಡಲು ಬಂದ. ನೀರೊಳಗೆ ಎಲ್ಲಾ ದೊಡ್ಡದಾಗಿಯೇ ಕಾಣುತ್ತೆ, ಹೋಗಿ ಸಾರ್ ಅಂತ. ದೊಡ್ಡದಾಗಿ ಕಾಣುವುದು ನಿಜ. ಮಬ್ಬಾಗಿರೋದು ದೊಡ್ಡದಾದರೆ ದೊಡ್ಡ ಮಬ್ಬು, ಅಷ್ಟೇ ಅಲ್ವಾ?

ಹಠಕ್ಕೆ ಕನ್ನಡಕದ ಮೇಲೇ ಮಾಸ್ಕ್ ಹಾಕಿಕೊಂಡೆ. ಕಡ್ಡಿಗಳು ಅಡ್ಡ ಬಂದು ರಬ್ಬರ್ ಕೆನ್ನೆಗೆ ಅಂಟಲಿಲ್ಲ. ತಲೆ ಮುಳುಗಿಸಿದ ಕೂಡಲೇ ಮೂಗಿಗೆಲ್ಲ ಉಪ್ಪುನೀರು. ಕೆಮ್ಮುತ್ತಾ ಎದ್ದು ಬಂದೆ. ದಡದಲ್ಲಿ ಬಿದ್ದಿದ್ದ ಒಣ ಮರದ ದಿಮ್ಮಿಯ ಮೇಲೆ ಕನ್ನಡಕ ಇಡೋಣ ಅಂತ ಹೋದರೆ, ಅಲ್ಲಿ ಆಗಲೇ ಏಳು ಕನ್ನಡಕ ಸಾಲಾಗಿ ಕೂತಿದ್ದವು. ಅಂದರೆ ನಾನೊಬ್ಬನೇ ಅಲ್ಲ. ಇಷ್ಟು ಜನ ಕುರುಡರಾಗಿ ನೀರಿಗಿಳಿಯುವುದನ್ನು ದಿನಾ ನೋಡುವವರಿಗೆ ನಾಲ್ಕು ಮಾಸ್ಕ್ ತಂದಿಡಬೇಕು ಅಂತ ಒಂದು ದಿನವೂ ಅನ್ನಿಸಿಲ್ಲವಾ?

ನನ್ನನ್ನು ಟ್ಯೂಬಿಗೆ ನೇತುಹಾಕಿ ಎಳೆದುಕೊಂಡು ಹೋದರು. ಗೈಡ್ ಅಲ್ಲಿ ಇಲ್ಲಿ ಬೆರಳು ತೋರಿಸುತ್ತಿದ್ದ. ನನಗೆ ಕಂಡಿದ್ದು ಕಂದು ಬಣ್ಣದ ಗುಡ್ಡೆ, ಅದರ ಮೇಲೆ ಯಾರೋ ಅರಿಶಿನ ಚೆಲ್ಲಿದ ಹಾಗೆ ಏನೋ. ಆದರೆ ಕಿವಿಗೆ ಕಟ್ ಕಟ್ ಅಂತ ಸದ್ದು ಬರುತ್ತಿತ್ತು, ಹಲ್ಲಲ್ಲಿ ಕಲ್ಲುಸಕ್ಕರೆ ಕಡಿದ ಹಾಗೆ. ದಡಕ್ಕೆ ಬಂದ ಮೇಲೆ ಮಗಳು ಕುಣಿಯುತ್ತಾ ಬಂದಳು. "ಅಪ್ಪಾ, ಆ ನೀಲಿ ಮೀನು ಕಲ್ಲನ್ನೇ ಕಚ್ಚಿ ತಿಂತಿತ್ತು, ನೋಡಿದ್ಯಾ?"

"ಕೇಳಿಸ್ತು ಪುಟ್ಟಾ."

ಪ್ಯಾರಟ್ ಫಿಶ್ ಅದು. ಹವಳದ ದಿಬ್ಬವನ್ನೇ ಕೆರೆದು ತಿನ್ನುತ್ತದೆ, ಹೊಟ್ಟೆಯಲ್ಲಿ ಅರೆದು ಮರಳು ಮಾಡಿ ಬಿಡುತ್ತದೆ. ಸದ್ದು ಕೇಳುವಷ್ಟು ಹತ್ತಿರ ಇತ್ತು, ಕಾಣಲಿಲ್ಲ. ಹೊಟ್ಟೆ ಉರಿಯುತ್ತೋ ಇಲ್ಲವೋ ನೀವೇ ಹೇಳಿ.

ಕೊನೆಗೆ ವಿಡಿಯೋ ಬೇಕಾ ಸಾರ್ ಅಂದರು. ಅದಕ್ಕೆ ಬೇರೆ ದುಡ್ಡು. ಕೊಟ್ಟೆ, ಮೀನು ನೋಡಲು ಇನ್ಯಾವ ದಾರಿ ಇತ್ತು? ರೂಮಿಗೆ ಬಂದು ಕನ್ನಡಕ ಹಾಕಿಕೊಂಡು ಮೊಬೈಲಿನಲ್ಲಿ ನೋಡಿದೆ. ನನ್ನ ಮೂಗಿನಿಂದ ಒಂದು ಮೊಳ ದೂರದಲ್ಲಿ ಕಿತ್ತಳೆ ಬಣ್ಣದ ಕ್ಲೌನ್ ಫಿಶ್ ಎರಡು ಆಡುತ್ತಿವೆ. ನಾನು ಬೇರೆ ಕಡೆ ತಿರುಗಿ, ಗೈಡ್ ಹೇಳಿಕೊಟ್ಟ ಹಾಗೆ ಹೆಬ್ಬೆರಳು ಎತ್ತಿ ತೋರಿಸುತ್ತಿದ್ದೇನೆ.

ಊರಿಗೆ ಬಂದು ಫೋನ್ ಮಾಡಿದರೆ ಆ ಟ್ರಾವೆಲ್ಸ್ ಪುಣ್ಯಾತ್ಮ ಏನಂದ ಗೊತ್ತಾ? "ಲೆನ್ಸ್ ಹಾಕ್ಕೊಂಡು ಹೋಗ್ಬೇಕಿತ್ತು ಸರ್." ಲೆನ್ಸ್ ಹಾಕಿಕೊಂಡು ನೀರಿಗಿಳಿಯಬೇಡಿ, ಕಣ್ಣಿಗೆ ಸೋಂಕು ಆಗುತ್ತೆ ಅಂತ ನನ್ನ ಕಣ್ಣಿನ ಡಾಕ್ಟರು ಹೇಳಿದ್ದಾರೆ. ಅದನ್ನೂ ಹೇಳಿದೆ. "ಪವರ್ ಮಾಸ್ಕ್ ಇದೆ ಅಂತ ನಾವು ಹೇಳೇ ಇಲ್ವಲ್ಲ" ಅಂದ. ನನ್ನ ಫೋನಿನಲ್ಲಿ ಕಾಲ್ ರೆಕಾರ್ಡ್ ಆಗುತ್ತದೆ. ಎರಡೂ ಕಳಿಸಿದ್ದೇನೆ. ನೀಲಿ ಟಿಕ್ ಬಿದ್ದು ನಾಲ್ಕು ದಿನ ಆಯಿತು.