“ರಿಂಗ್ ಹೋಗಿದೆ ಸಾರ್!”

ಹಳೆಯ ಕಾರು ಇಟ್ಟುಕೊಂಡವನಿಗೆ ಪೆಟ್ರೋಲ್ ದುಡ್ಡು ಕೊಟ್ಟರೆ ಸಿಗುತ್ತದೆ, ಬಿಡಿಭಾಗ ಹುಡುಕಿದರೆ ಸಿಗುತ್ತದೆ, ಸಲಹೆ ಮಾತ್ರ ಬೇಡವೆಂದರೂ ಸಿಗುತ್ತದೆ. ನನ್ನ 1997ರ ಮಾರುತಿ 800 ಬೆಳಗಿನ ಹೊತ್ತು ಸ್ಟಾರ್ಟ್ ಆದ ಕೂಡಲೇ ಸೈಲೆನ್ಸರ್‌ನಿಂದ ಒಂದು ಉಂಡೆ ನೀಲಿ ಹೊಗೆ ಬಿಡತೊಡಗಿದ್ದೇ ತಡ, ಇಡೀ ಬೀದಿಗೆ ಎಂಜಿನ್ ವಿದ್ಯೆ ಒಲಿದುಬಿಟ್ಟಿತು. ಎದುರು ಮನೆಯ ನಿವೃತ್ತ ಎಂಜಿನಿಯರ್ ಹಾಲಿನ ಪ್ಯಾಕೆಟ್ ಹಿಡಿದು ಗೇಟಿನ ಬಳಿ ನಿಂತು, ಹೊಗೆ ಪೂರ್ತಿ ಕರಗುವವರೆಗೂ ಕಾದು, “ರಿಂಗ್ ಹೋಗಿದೆ” ಎಂದರು. ರಿಂಗ್ ಎಂದರೆ ಪಿಸ್ಟನ್ನಿನ ಸುತ್ತ ಕೂತು ಆಯಿಲ್ ಮೇಲೇರದಂತೆ ತಡೆಯುವ ಬಳೆ. ಅವರು ಸೇವಾವಧಿಯುದ್ದಕ್ಕೂ ಕಟ್ಟಿಸಿದ್ದು ಕಾಲುವೆಗಳನ್ನು. ಎಮಿಷನ್ ಟೆಸ್ಟ್ ವ್ಯಾನಿನ ಹುಡುಗ ಕಂಪ್ಯೂಟರಿನಿಂದ ತಲೆಯನ್ನೇ ಎತ್ತದೆ, “ರಿಂಗ್ ಹೋಗಿದೆ ಸಾರ್” ಎಂದ. ಬೆಳ್ತಂಗಡಿಯಲ್ಲಿರುವ ನನ್ನ ಭಾಮೈದನಂತೂ ಫೋನಿನಲ್ಲೇ, ಹೊಗೆಯ ಬಣ್ಣ ಕೇಳುವ ಮೊದಲೇ, “ರಿಂಗ್ ಹೋಗಿದೆ ಭಾವ, ಸಿಲಿಂಡರ್ ಕೊರೆಸಿ ಬೋರ್ ಮಾಡಿಸುವ ದುಡ್ಡಿಗೆ ಇನ್ನೊಂದಿಷ್ಟು ಸೇರಿಸಿದರೆ ಬೇರೆ ಗಾಡಿಯೇ ಬರುತ್ತದೆ” ಎಂದು ತೀರ್ಪು ಕೊಟ್ಟ.

ರಿಂಗ್ ಹೋಗಿರಲಿಲ್ಲ. ಇದನ್ನು ದಪ್ಪ ಅಕ್ಷರದಲ್ಲಿ ಬರೆಸಿ ಹಿಂದಿನ ಗಾಜಿಗೆ ಅಂಟಿಸಬೇಕೆಂದಿದ್ದೇನೆ. ಈಗ ಎಲ್ಲ ಸರಿಯಾಗಿ, ಹೊಗೆ ನಿಂತ ಮೇಲೂ ಎದುರು ಮನೆಯವರು ನಿನ್ನೆ ತಡೆದು ನಿಲ್ಲಿಸಿ, “ಅಂತೂ ರಿಂಗ್ ಹಾಕಿಸಿದಿರಿ ಅನ್ನಿ” ಎಂದರು. “ಇಲ್ಲ, ವಾಲ್ವ್ ಸೀಲ್ ಹಾಕಿಸಿದೆ” ಎಂದೆ. “ಹೂಂ, ಸದ್ಯಕ್ಕೆ ಸಾಕು” ಎಂದು ಒಳಗೆ ಹೋದರು. ಸದ್ಯಕ್ಕಂತೆ!

ಅವರಿಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ರಿಂಗ್ ಸವೆದ ಎಂಜಿನ್ ದಿನವಿಡೀ ಹೊಗೆ ಬಿಡುತ್ತದೆ, ಅದರಲ್ಲೂ ಏರಿನಲ್ಲಿ ಒತ್ತಿದಾಗ ಜೋರಾಗಿ. ಸೀಲ್ ಹೋದದ್ದು ಹಾಗಲ್ಲ. ರಾತ್ರಿ ನಿಂತ ಗಾಡಿಯಲ್ಲಿ ಮೇಲಿನ ಆಯಿಲ್, ಸಿಲಿಂಡರಿನ ಬಾಗಿಲಿನಂತಿರುವ ವಾಲ್ವಿನ ಕಡ್ಡಿಯ ಗುಂಟ ಹನಿಹನಿಯಾಗಿ ಇಳಿದು ಕೂತಿರುತ್ತದೆ. ಬೆಳಿಗ್ಗೆ ಅದೆಲ್ಲ ಒಮ್ಮೆಗೇ ಉರಿದು ಹೊಗೆಯಾಗಿ ಹೋಗುತ್ತದೆ, ಆಮೇಲೆ ಕಾರು ಏನೂ ನಡೆದೇ ಇಲ್ಲವೆಂಬಂತೆ ಓಡುತ್ತದೆ. ಇನ್ನೊಂದು ಗುರುತು ಘಾಟಿ ಇಳಿಯುವಾಗ ಸಿಗುತ್ತದೆ. ಅತ್ತೆಯ ಮನೆಗೆಂದು ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ ಉದ್ದಕ್ಕೂ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಗೇರಿನಲ್ಲೇ ಇಳಿಯುತ್ತೇವಲ್ಲ, ಆಗ ಗಾಳಿಯ ದಾರಿ ಮುಚ್ಚಿ ಎಂಜಿನ್ ಒಳಗೆ ಎಳೆತ ಹೆಚ್ಚಾಗುತ್ತದೆ. ಗಾಳಿ ಸಿಗದ ಎಂಜಿನ್ ಆಯಿಲನ್ನು ಹೀರುತ್ತದೆ. ಘಾಟಿಯ ಬುಡದಲ್ಲಿ ನಾನು ಮತ್ತೆ ಆಕ್ಸಿಲರೇಟರ್ ಒತ್ತಿದಾಗ ಹಿಂದೆ ಬರುತ್ತಿದ್ದ ಬಸ್ಸು ನನ್ನ ಕನ್ನಡಿಯಿಂದ ಮಾಯವಾಯಿತು. ಹಾರ್ನ್ ಮಾತ್ರ ಕೇಳುತ್ತಿತ್ತು.

ಸೀಲ್ ಎಂದರೆ ಬೆರಳ ತುದಿಯಷ್ಟು ರಬ್ಬರ್ ಟೋಪಿ. ಮದುವೆಯ ಪಂಕ್ತಿಯಲ್ಲಿ ತುಪ್ಪ ಬಡಿಸುವವನದು ಹೇಗೋ ಇದರ ಕೆಲಸವೂ ಹಾಗೆ: ಯಾರಿಗೂ ಇಲ್ಲ ಅನ್ನಬಾರದು, ಯಾರಿಗೂ ಕೈಬಿಚ್ಚಿ ಹಾಕಬಾರದು. ಕಡ್ಡಿ ಒಣಗದಿರಲು ಒಂದು ಹನಿ, ಅಷ್ಟೆ. ಕಾಲು ಶತಮಾನ ಬಿಸಿ ಎಣ್ಣೆಯಲ್ಲಿ ಮುಳುಗೆದ್ದು ಗಟ್ಟಿಯಾದ ರಬ್ಬರಿಗೆ ಆ ಹಿಡಿತ ತಪ್ಪುತ್ತದೆ. ನನ್ನ ಕಾರಿನದು 796 ಸಿಸಿಯ ಮೂರು ಸಿಲಿಂಡರ್ ಎಂಜಿನ್, ಆರು ವಾಲ್ವ್, ಆರು ಸೀಲ್. ಆರೂ ಸೇರಿ ಇಬ್ಬರು ಹೋಟೆಲಿನಲ್ಲಿ ಮಸಾಲೆ ದೋಸೆ ತಿಂದು ಕಾಫಿ ಕುಡಿದ ಖರ್ಚು. ಈ ಮಾದರಿಯ ಮೊದಲ ಕಾರು ಹೊರಬಂದದ್ದು 1983ರಲ್ಲಿ, ತಯಾರಿಕೆ ನಿಂತದ್ದು 2014ರಲ್ಲಿ. ಆದರೂ ಬಿಡಿಭಾಗ ಕೇಳಿದರೆ ಅಂಗಡಿಯವನು ಎದ್ದು ಹುಡುಕುವುದೂ ಇಲ್ಲ, ಕೂತಲ್ಲಿಂದಲೇ ಕೈಚಾಚಿ ಕೊಡುತ್ತಾನೆ. ಮಾರುವುದಕ್ಕೆ ಅದೊಂದು ನೆಪವೂ ಇಲ್ಲ.

ಕಷ್ಟವಿರುವುದು ಸೀಲಿನಲ್ಲಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿ. ಆ ದಾರಿಯಲ್ಲಿ ನಮ್ಮ ಮೆಕ್ಯಾನಿಕ್ ಕೂತಿದ್ದಾನೆ.

ಅವನ ಕೈಯಲ್ಲಿ ದೋಷವಿಲ್ಲ. ಮೈಸೂರಿನಲ್ಲಿ ಹಳೆಯ ಗಾಡಿಗಳ ವಿಷಯದಲ್ಲಿ ಅವನಷ್ಟು ಬಲ್ಲವರನ್ನು ನಾನು ಕಂಡಿಲ್ಲ. ಪ್ಲಗ್ ತೂತಿಗೆ ಒತ್ತಡ ಅಳೆಯುವ ಮೀಟರ್ ಹಾಕಿ, ಮೂರೂ ಸಿಲಿಂಡರ್‌ಗಳಲ್ಲಿ ಮುಳ್ಳು ಹೆಚ್ಚುಕಡಿಮೆ ಒಂದೇ ಕಡೆ ನಿಲ್ಲುವುದನ್ನು ತೋರಿಸಿ, “ಕಂಪ್ರೆಶನ್ ಚೆನ್ನಾಗಿದೆ, ರಿಂಗ್ ಮುಟ್ಟಬೇಡಿ” ಎಂದವನು ಅವನೊಬ್ಬನೇ. ಅವನ ತೊಂದರೆಯೆಂದರೆ ಕತೆ. ಕೆಲಸ ಸಲೀಸಾಗಿರುವಾಗ ಅವನು ಮಾತೇ ಆಡುವುದಿಲ್ಲ. ಯಾವ ಘಳಿಗೆಯಲ್ಲಿ ಕೈ ಸ್ವಲ್ಪ ನಡುಗಿದರೂ ಎಂಜಿನ್ ಕೆಡುತ್ತದೋ ಸರಿಯಾಗಿ ಆಗ, ಅದೇ ಘಳಿಗೆಯಲ್ಲಿ ಕೆಟ್ಟುಹೋದ ಇನ್ನೊಬ್ಬರ ಎಂಜಿನ್ನಿನ ಕತೆ ತೆಗೆಯುತ್ತಾನೆ. ಮುಗಿಸುವುದಿಲ್ಲ.

ಟ್ಯಾಪೆಟ್ ಕವರಿನ, ಅಂದರೆ ಎಂಜಿನ್ನಿನ ಮೇಲಿನ ಮುಚ್ಚಳದ, ಮೊದಲ ಬೋಲ್ಟ್ ಸಡಿಲಿಸುವಾಗ ಶುರುವಾಯಿತು. “ನಂಜನಗೂಡಿನಲ್ಲಿ ಒಬ್ಬರು ಮೇಷ್ಟರಿದ್ದಾರೆ ಸಾರ್. ಬಹಳ ಒಳ್ಳೆಯ ಮನುಷ್ಯ. ಅವರದೂ ಇದೇ ಗಾಡಿ, ಇದೇ ಬೋಲ್ಟ್. ಸ್ವಲ್ಪ ಹೀಗೆ ತಿರುಗಿಸಿದೆ ನೋಡಿ...” ಎಂದು ತಿರುಗಿಸಿ, “ಪಾಪ” ಎಂದು ನಿಟ್ಟುಸಿರು ಬಿಟ್ಟು, ಹತ್ತನೇ ನಂಬರ್ ಪಾನಾ ಹುಡುಕಲು ಹೋದ. ಮೇಷ್ಟರಿಗೆ ಏನಾಯಿತು? ಬೋಲ್ಟಿಗೆ ಏನಾಯಿತು? ನಾನು ಬಾನೆಟ್ ಹಿಡಿದು ನಿಂತಿದ್ದೇನೆ. ಅವನು ಪಾನಾ ಹಿಡಿದು ಬಂದ, ಮುಂದಿನ ಬೋಲ್ಟಿಗೆ ಹೋದ, ಮೇಷ್ಟರು ಅಲ್ಲೇ ಉಳಿದರು.

ವಾಲ್ವುಗಳನ್ನು ಒತ್ತುವ ತೋಳುಗಳು ಕೂತಿರುವ ರಾಕರ್ ಶಾಫ್ಟ್ ಎಳೆಯುವಾಗ ಕೆ.ಆರ್. ನಗರದ ಅಕ್ಕಿ ಗಿರಣಿ ಮಾಲೀಕರು ಬಂದರು. ಅವರ ಶಾಫ್ಟ್ ಅರ್ಧ ಬಂದು ನಿಂತಿತಂತೆ. “ಆಮೇಲೆ?” ಎಂದೆ. “ಆಮೇಲೆ ಏನು ಸಾರ್, ಮಗಳ ಮದುವೆ ಬೇರೆ ಇತ್ತು. ಪಾಪ” ಎಂದ. ಶಾಫ್ಟಿಗೂ ಮದುವೆಗೂ ಏನು ಸಂಬಂಧವೆಂದು ನಾನು ರಾತ್ರಿ ಹಾಸಿಗೆಯಲ್ಲೂ ಯೋಚಿಸಿದ್ದೇನೆ. ಗಮನಿಸಿ, ಈ ಕತೆಗಳಲ್ಲಿ ಗಾಡಿಯ ಮಾಲೀಕರೆಲ್ಲ ಒಳ್ಳೆಯ ಮನುಷ್ಯರೇ. ಒಬ್ಬ ದುಷ್ಟನ ಎಂಜಿನ್ನೂ ಕೆಟ್ಟ ದಾಖಲೆಯಿಲ್ಲ. ಅವನು ನನ್ನ ಕಡೆ ತಿರುಗಿ, “ನೀವೂ ಒಳ್ಳೆಯವರು ಸಾರ್” ಎಂದಾಗ ನನ್ನ ಹೊಟ್ಟೆಯಲ್ಲಿ ಏನೋ ಆಯಿತು.

ಹೆಡ್, ಅಂದರೆ ಎಂಜಿನ್ನಿನ ಮೇಲ್ಭಾಗ, ಇಳಿಸದೆ ಸೀಲ್ ಬದಲಿಸಲು ಒಂದು ಉಪಾಯವಿದೆ. ಸೀಲನ್ನು ಸುತ್ತಿಕೊಂಡಿರುವ ಸ್ಪ್ರಿಂಗ್ ತೆಗೆದರೆ ವಾಲ್ವನ್ನು ಮೇಲೆ ಹಿಡಿದಿಡಲು ಏನೂ ಇರುವುದಿಲ್ಲ, ಅದು ಸಿಲಿಂಡರಿನೊಳಕ್ಕೆ ಜಾರುತ್ತದೆ. ಅದಕ್ಕೇ ಪ್ಲಗ್ ತೂತಿನಿಂದ ಕಂಪ್ರೆಸರಿನ ಗಾಳಿ ತುಂಬಿ, ಆ ಒತ್ತಡದಲ್ಲೇ ವಾಲ್ವನ್ನು ಮೇಲಕ್ಕೆ ಹಿಡಿದಿಡುತ್ತಾರೆ. ಗಾಳಿ ತುಂಬುವ ಹೊತ್ತಿಗೆ ಸರಿಯಾಗಿ ಕರೆಂಟ್ ಹೋಯಿತು. “ಹಗ್ಗ ಇದೆಯಾ ಸಾರ್?” ಎಂದು ಕೇಳಿದ. ಡಿಕ್ಕಿಯಲ್ಲಿ ಇತ್ತು. ಅತ್ತೆಯ ಮನೆಯಿಂದ ಬರುವಾಗ ಹಲಸಿನಹಣ್ಣು ಉರುಳದಂತೆ ಕಟ್ಟಿ ತಂದ ತೆಳು ನೈಲಾನ್ ಹಗ್ಗ. ಪಿಸ್ಟನ್ ಕೆಳಗಿಳಿಸಿ, 14 ಮಿ.ಮೀ. ಪ್ಲಗ್ ತೂತಿನಲ್ಲಿ ಹಗ್ಗವನ್ನು ಗೇಣುಗೇಣಾಗಿ ಒಳಗೆ ತುರುಕಿ, ಬಾಲ ಹೊರಗೆ ಬಿಟ್ಟು, ಕೆಳಗಿನ ಪುಲ್ಲಿಯನ್ನು ಪಾನಾದಿಂದ ತಿರುಗಿಸಿದರೆ ಪಿಸ್ಟನ್ ಮೇಲೇರಿ ಹಗ್ಗವನ್ನು ವಾಲ್ವುಗಳಿಗೆ ಒತ್ತಿ ಹಿಡಿಯುತ್ತದೆ. ಕರೆಂಟೂ ಬೇಡ, ಬಿಲ್ಲೂ ಇಲ್ಲ. ಹಗ್ಗದ ಒಂದು ತುದಿಯಲ್ಲಿ ಹಲಸಿನ ಮೇಣ ಮೆತ್ತಿತ್ತು. ಅವನು ಮೂಸಿ ನೋಡಿ, “ಬಕ್ಕೆಯೋ ಅಂಬಲಿಯೋ?” ಎಂದು ವಿಚಾರಿಸಿ, ಮೇಣವಿಲ್ಲದ ತುದಿಯಿಂದ ತುರುಕಿದ.

ಈಗ ಲಾಕ್. ಪ್ರತಿ ವಾಲ್ವಿನ ತಲೆಯಲ್ಲಿ ಸ್ಪ್ರಿಂಗನ್ನು ಹಿಡಿದಿಡುವ ಎರಡು ಅರ್ಧಚಂದ್ರಾಕಾರದ ಉಕ್ಕಿನ ಚೂರುಗಳಿರುತ್ತವೆ, ಒಟ್ಟು ಹನ್ನೆರಡು. ಸ್ಪ್ರಿಂಗ್ ಒತ್ತಿ ಇವನ್ನು ಅಯಸ್ಕಾಂತ ಹತ್ತಿದ ಸ್ಕ್ರೂಡ್ರೈವರ್ ತುದಿಯಿಂದ ಎತ್ತಬೇಕು. ಜಾರಿದರೆ ಎಲ್ಲಿಗೆ ಹಾರುತ್ತದೆಂದು ಹೇಳಲಾಗದು. ಆಯಿಲ್ ಇಳಿಯುವ ತೂತಿಗೆ ಬಿದ್ದರೆ ಸೀದಾ ತಳದ ಆಯಿಲ್ ಚೇಂಬರಿಗೆ. ಆ ತೂತುಗಳಿಗೆಲ್ಲ ಅವನು ಬಟ್ಟೆ ತುರುಕಿದ್ದ, ನಾನೇ ನೋಡಿದ್ದೆ. ಸ್ಪ್ರಿಂಗ್ ಅದುಮಿ ಉಸಿರು ಬಿಗಿಹಿಡಿದು, ಶುರು ಮಾಡಿದ: “ಹುಣಸೂರಿನಲ್ಲಿ ಒಬ್ಬರು ತಂಬಾಕು ವ್ಯಾಪಾರಿ ಸಾರ್. ಓಮ್ನಿ. ಇದೇ ಎಂಜಿನ್. ಬಹಳ ಒಳ್ಳೆಯ ಮನುಷ್ಯ. ಹೀಗೇ ಲಾಕ್ ತೆಗೆಯುವಾಗ ಹಾರಿ ಚೇಂಬರಿಗೆ ಬಿತ್ತು. ಚೇಂಬರ್ ಇಳಿಸಿ, ಆಯಿಲ್ ಸುರಿದು, ಸೋಸಿ...”

ಟಣ್.

ಅವನು “ಪಾಪ” ಎನ್ನಲಿಲ್ಲ. ಪಾಪ ನಾನೇ ಆಗಿದ್ದೆ.

ಮುಂದಿನದು ಸಾರ್ವಜನಿಕ ಕಾರ್ಯಕ್ರಮ. ಐಟಿಐ ಮುಗಿಸಿ ಬಂದ ಸಹಾಯಕ ಕಾರಿನಡಿ ತೂರಿದ. ಪಕ್ಕದ ಪಂಕ್ಚರ್ ಅಂಗಡಿಯವನು ಟಾರ್ಚ್ ತಂದ. ಟೈರಿಗೆ ಗಾಳಿ ಹಾಕಿಸಲು ಬಂದ ಸ್ಕೂಟರ್ ಸವಾರ, ಕರೆಂಟಿಲ್ಲದ್ದರಿಂದ ಬೇರೆ ಕೆಲಸವಿಲ್ಲದೆ, ಮಂಡಿಯೂರಿದ. ಮೆಕ್ಯಾನಿಕ್ ನಡುವೆ ನಿಂತು ಸ್ಕ್ರೂಡ್ರೈವರ್ ಚಾಚಿ, “ಅಲ್ಲಿ ನೋಡು, ಆ ಮೂಲೆ ನೋಡು, ಸಾರ್ ನೀವು ಬ್ಯಾಟರಿ ಕೆಳಗೆ ನೋಡಿ” ಎಂದು ನಿರ್ದೇಶಿಸುತ್ತಿದ್ದ. ತರಕಾರಿ ಚೀಲ ಹಿಡಿದು ಹೋಗುತ್ತಿದ್ದ ಅಮ್ಮನೊಬ್ಬರು ನಿಂತು, “ಏನು ಕಳೆಯಿತು? ಓಲೆಯ ತಿರುಪೇ?” ಎಂದು ಕೇಳಿದರು. ಹೆಚ್ಚುಕಡಿಮೆ ಅಷ್ಟೇ ಗಾತ್ರದ್ದು ಎಂದೆ. ಅವರು ಚೀಲ ಕೆಳಗಿಟ್ಟರು. “ಮೇಲಿಂದ ಬೆಳಕು ಬಿಟ್ಟರೆ ಸಿಗುವುದಿಲ್ಲ. ಟಾರ್ಚನ್ನು ನೆಲಕ್ಕೆ ಮಲಗಿಸಿ, ಮಿನುಗುತ್ತದೆ.” ಆ ಇಡೀ ಗುಂಪಿನಲ್ಲಿ ಹುಡುಕುವುದು ಗೊತ್ತಿದ್ದವರು ಅವರೊಬ್ಬರೇ.

ಮಿನುಗಿತು. ಮೊದಲು ಒಂದು ರೂಪಾಯಿ ನಾಣ್ಯ, ಆಮೇಲೆ ವಾಷರ್, ಆಮೇಲೆ ಗೋಡೆಯ ಬಿರುಕಿನಿಂದ ಒಂದು ಲಾಕ್! ಎಲ್ಲರೂ ಹೋ ಎಂದರು. ಮೆಕ್ಯಾನಿಕ್ ಅದನ್ನು ಪ್ಯಾಂಟಿಗೆ ಒರೆಸಿ ಬೆಳಕಿಗೆ ಹಿಡಿದ. ತುಕ್ಕು ಹಿಡಿದಿತ್ತು. ಅವನ ಮುಖ ಸಣ್ಣದಾಯಿತು.

“ಇದು ನಮ್ಮದಲ್ಲ ಸಾರ್” ಎಂದ ಮೆಲ್ಲಗೆ. “ಇದು ಹುಣಸೂರಿನವರದು.”

ಅಂದರೆ ಆ ಒಳ್ಳೆಯ ಮನುಷ್ಯನ ಚೇಂಬರ್ ಇಳಿಸಿದ್ದು, ಆಯಿಲ್ ಸುರಿದದ್ದು, ಸೋಸಿದ್ದು, ಬಿಲ್ ಮಾಡಿದ್ದು ಎಲ್ಲ ಸುಮ್ಮನೆ. ಅವನು ಮುಗಿಸಿದ ಒಂದೇ ಒಂದು ಕತೆ ಅದು. ಅಷ್ಟರಲ್ಲಿ ಅಮ್ಮ, “ನಿಮ್ಮ ಕೈಯಲ್ಲಿರುವುದರ ತುದಿಗೇ ಏನೋ ಅಂಟಿದೆಯಲ್ಲ” ಎಂದರು. ಸ್ಕ್ರೂಡ್ರೈವರಿನ ಅಯಸ್ಕಾಂತಕ್ಕೆ ಕಚ್ಚಿಕೊಂಡು, ಹುಡುಕಾಟವನ್ನು ಆರಂಭದಿಂದ ಮೇಲಿಂದಲೇ ನೋಡುತ್ತಿತ್ತು ನನ್ನ ಲಾಕ್. ಹಾಗಾದರೆ ಟಣ್ ಎಂದದ್ದು ಯಾವುದು? ಗೊತ್ತಿಲ್ಲ. ಕೇಳಲು ಧೈರ್ಯವಾಗಲಿಲ್ಲ, ಕತೆ ಹೇಳಿಬಿಟ್ಟಾನೆಂದು.

ಹಳೆಯ ಸೀಲನ್ನು ಇಕ್ಕಳದಲ್ಲಿ ಹಿಡಿದೆಳೆದಾಗ ಅದು ರಬ್ಬರಿನಂತೆ ಹಿಗ್ಗದೆ ಪುಡಿಪುಡಿಯಾಯಿತು. ಹೊಸದು ಎರಡು ಬೆರಳ ನಡುವೆ ಮೆತ್ತಗೆ ಕುಣಿಯುತ್ತಿತ್ತು. ಉಳಿದವು ಬೇಗ ಮುಗಿದವು, ಮಾತಿಲ್ಲದ್ದರಿಂದ ಇರಬೇಕು.

ವಾಲ್ವುಗಳನ್ನು ಪಿಸ್ಟನ್ನಿನ ತಾಳಕ್ಕೆ ಆಡಿಸುವ ಟೈಮಿಂಗ್ ಬೆಲ್ಟ್ ಯಾವಾಗ ಹಾಕಿಸಿದ್ದು ಎಂದು ಕೇಳಿದನೆಂದು ಡ್ಯಾಶ್‌ಬೋರ್ಡಿನಿಂದ ಅಪ್ಪನ ಲೆಕ್ಕದ ಪುಸ್ತಕ ತೆಗೆದೆ. ಕಾರು ಅಪ್ಪನದು. ಪೆಟ್ರೋಲ್ ಎಷ್ಟು, ಕಿಲೋಮೀಟರ್ ಎಷ್ಟು, ಟೈರ್ ಗಾಳಿ ಯಾವತ್ತು, ಎಲ್ಲ ನೀಲಿ ಶಾಯಿಯಲ್ಲಿದೆ. ಕೊನೆಯ ಪುಟಗಳಲ್ಲಿ ಒಂದೇ ಸಾಲು ಮತ್ತೆ ಮತ್ತೆ ಬರುತ್ತದೆ: “ಆಯಿಲ್ ಸ್ವಲ್ಪ ಸೇರಿಸಿದೆ. ಹೊಗೆ. ಮನೆಯಲ್ಲಿ ಹೇಳಿಲ್ಲ.” ಅಪ್ಪ ದಿನಾ ಬೆಳಕು ಹರಿಯುವ ಮೊದಲೇ ಎದ್ದು ಹೋಗಿ ಕಾರನ್ನು ಸ್ಟಾರ್ಟ್ ಮಾಡಿ ನಿಲ್ಲಿಸುತ್ತಿದ್ದರು. ಎಂಜಿನ್ ಬಿಸಿಯಾಗಬೇಕು ಎನ್ನುತ್ತಿದ್ದರು. ಹಳೆಯ ಕಾಲದವರ ಶಿಸ್ತು ಎಂದು ನಾವು ನಂಬಿ, ಮುಸುಕೆಳೆದುಕೊಂಡು ಮಲಗುತ್ತಿದ್ದೆವು. ಬೀದಿ ಏಳುವ ಮೊದಲು ಆ ನೀಲಿ ಉಂಡೆಯನ್ನು ಆಚೆ ಕಳಿಸಿಬಿಡುತ್ತಿದ್ದರೇನೋ. ಎದುರು ಮನೆಯವರ ಹಾಲು ಬರುವುದು ಆರೂವರೆಗೆ.

ಬೆಲ್ಟಿನ ತಾರೀಖು ಸಿಗಲಿಲ್ಲ. ಅದನ್ನೂ ಬದಲಿಸಿದ್ದಾಯಿತು, ಬಿಲ್ಲೂ ಸ್ವಲ್ಪ ಉದ್ದವಾಯಿತು.

ಈಗ ಬೆಳಿಗ್ಗೆ ಹೊಗೆ ಇಲ್ಲ. ಆದರೆ ಕಾರಿನ ಕೆಳಗೆ, ಹೊಸದಾಗಿ ತೊಳೆಸಿದ ಹಾಸುಗಲ್ಲಿನ ಮೇಲೆ, ದಿನಕ್ಕೊಂದಿಷ್ಟು ಆಯಿಲ್ ಬೀಳುತ್ತಿದೆ. ಒಳಗೆ ಉರಿದು ಮಾಯವಾಗುತ್ತಿದ್ದದ್ದು ಈಗ ಹೊರಗೆ ಲೆಕ್ಕಕ್ಕೆ ಸಿಗುತ್ತಿದೆ. ಮೆಕ್ಯಾನಿಕ್‌ಗೆ ಫೋನ್ ಮಾಡಿದೆ.

“ಟ್ಯಾಪೆಟ್ ಕವರಿಗೆ ಹಳೆಯ ಪ್ಯಾಕಿಂಗೇ ಹಾಕಿದೆ ಸಾರ್, ಚೆನ್ನಾಗಿಯೇ ಇತ್ತು” ಎಂದ. “ಹೊಸದು ತನ್ನಿ, ಹತ್ತು ನಿಮಿಷದ ಕೆಲಸ. ಮಂಡ್ಯದಲ್ಲಿ ಒಬ್ಬರು ಡಾಕ್ಟರಿದ್ದಾರೆ, ಅವರದೂ ಹೀಗೇ ಹತ್ತು ನಿಮಿಷ ಅಂದುಕೊಂಡು...”

ನಾನು ಫೋನ್ ಇಟ್ಟು, ಪ್ಯಾಕಿಂಗ್ ತರಲು ಬಸ್ಸಿನಲ್ಲಿ ಹೋದೆ.