ಚಾಕುವಿಗೂ ಚಿನ್ನದ ಹಿಡಿ

ಚಾಕುವಿಗೆ ಯಾರಾದರೂ ಚಿನ್ನದ ಹಿಡಿ ಹಾಕಿಸುತ್ತಾರಾ? ಹಾಕಿಸುತ್ತಿದ್ದರು. ನೂರು ವರ್ಷದ ಹಿಂದೆ ಅಮೆರಿಕ, ಇಂಗ್ಲೆಂಡಿನ ದುಡ್ಡಿದ್ದವರು ವೇಸ್ಟ್‌ಕೋಟಿನ ಒಂದು ಜೇಬಿನಿಂದ ಇನ್ನೊಂದಕ್ಕೆ ಸರಪಳಿ ಇಳಿಬಿಟ್ಟು, ಒಂದು ತುದಿಗೆ ಗಡಿಯಾರ, ಇನ್ನೊಂದು ತುದಿಗೆ ಪುಟ್ಟ ಮಡಚುವ ಚಾಕು ಸಿಕ್ಕಿಸಿಕೊಳ್ಳುತ್ತಿದ್ದರು. ಗಡಿಯಾರ ಚಿನ್ನದ್ದು, ಚಾಕು ಮಾತ್ರ ಕೊಂಬಿನದ್ದು ಅಂದರೆ ಮರ್ಯಾದೆ ಏನಾಗಬೇಕು? ಕೆಲಸ ಅಂತ ನೋಡಿದರೆ ಚುಟ್ಟದ ತುದಿ ಕತ್ತರಿಸುವುದು, ಲಕೋಟೆ ಬಿಡಿಸುವುದು, ಅಷ್ಟೇ.

ಕೋಲಾರದಲ್ಲಿ ಕೂತು ಇದನ್ನೆಲ್ಲ ಓದುವಾಗ ಒಂಥರಾ ಹೊಟ್ಟೆಕಿಚ್ಚು. ನಮ್ಮ ಕೆಜಿಎಫ್‌ನಲ್ಲಿ 1880ರ ದಶಕದಿಂದ ಜಾನ್ ಟೇಲರ್ ಕಂಪನಿಯವರು ತೆಗೆದ ಚಿನ್ನ ಗಟ್ಟಿಗಳಾಗಿ ಹಡಗು ಹತ್ತಿ ಹೋಗುತ್ತಿತ್ತು. ಅದರದ್ದೊಂದು ಚೂರು ಯಾವನೋ ದೊರೆಯ ಚಾಕುವಿನ ಮೇಲೆ ಕೂತಿರಬಹುದು ಅಂತ ಸುಮ್ನೆ ಅಂದುಕೊಳ್ಳುತ್ತೇನೆ. ಗಣಿ 2001ರಲ್ಲಿ ಮುಚ್ಚಿತು. ನಾವು ಶ್ರೀನಿವಾಸಪುರದ ಮಾವನ್ನು ಸಂತೆಯ ಪ್ಲಾಸ್ಟಿಕ್ ಹಿಡಿಯ ಚಾಕುವಿನಲ್ಲೇ ಹೆಚ್ಚಿಕೊಂಡು ತಿನ್ನುತ್ತಿದ್ದೇವೆ.

ಆದರೆ ಆ ಹಿಡಿಯಲ್ಲಿ ಚಿನ್ನ ಎಷ್ಟಿತ್ತು ಅಂತ ಕೇಳಿದರೆ ಹೊಟ್ಟೆಕಿಚ್ಚು ಸ್ವಲ್ಪ ಇಳಿಯುತ್ತದೆ. ಪೂರ್ತಿ ಚಿನ್ನದವೂ ಇದ್ದವು, ನಿಜ. ಬಹಳಷ್ಟು ಮಾತ್ರ ನಮ್ಮ ರೋಲ್ಡ್ ಗೋಲ್ಡ್ ಜಾತಿಯವು. ಹಿತ್ತಾಳೆ ಗಟ್ಟಿಯ ಮೇಲೆ ಚಿನ್ನದ ತಗಡು ಇಟ್ಟು, ಕಾಯಿಸಿ, ಒತ್ತಿ ಬೆಸೆದು, ಆಮೇಲೆ ಉರುಳೆಗಳ ನಡುವೆ ಹಾಕಿ ತೆಳ್ಳಗೆ ಎಳೆಯುತ್ತಿದ್ದರು. ಒಬ್ಬಟ್ಟಿನ ಹಾಗೆ, ಎಷ್ಟು ತಟ್ಟಿದರೂ ಕಣಕ, ಹೂರಣದ ಲೆಕ್ಕ ಬದಲಾಗುವುದಿಲ್ಲ. ಹಿಡಿಯ ಮೇಲೆ 1/20, 12 ಕ್ಯಾರೆಟ್ ಅಂತ ಗುರುತಿದ್ದರೆ ತೂಕದ ಇಪ್ಪತ್ತನೇ ಒಂದು ಪಾಲು ಮಾತ್ರ ಚಿನ್ನದ ಪದರ, ಅದರಲ್ಲೂ ಅರ್ಧ ಬೇರೆ ಲೋಹ. ಹತ್ತು ಗ್ರಾಂ ತಗಡಿಗೆ ಅಪ್ಪಟ ಚಿನ್ನ ಕಾಲು ಗ್ರಾಂ! 916 ಅಂದರೆ ಮಾತ್ರ ತಲೆ ಎತ್ತಿ ನೋಡುವ ನಮ್ಮತ್ತೆ ಇದನ್ನು ಮುಟ್ಟುವುದೂ ಇಲ್ಲ.

ನನಗೆ ಮಾತ್ರ ಇಷ್ಟವಾಗುವುದು ಅದರ ಮೇಲಿನ ಗೆರೆ. ಅಗ್ಗದ ಮಾಲಿಗೆ ಅಚ್ಚು ಒತ್ತಿ ಮುಗಿಸುತ್ತಿದ್ದರು, ಅದು ಬಿಡಿ. ಒಳ್ಳೆಯದಕ್ಕೆ ಬೇರೆಯೇ ಯಂತ್ರ. ಒಂದು ಕೈಯಲ್ಲಿ ಯಂತ್ರದ ಹಿಡಿಕೆ ತಿರುಗಿಸುತ್ತ ಇನ್ನೊಂದು ಕೈಯಲ್ಲಿ ಉಳಿಯನ್ನು ಮೆತ್ತಗೆ ಒತ್ತಿ ಹಿಡಿಯಬೇಕು. ಉಳಿ ನಿಂತಲ್ಲೇ ನಿಂತಿರುತ್ತದೆ, ತಗಡೇ ಆ ಕಡೆ ಈ ಕಡೆ ಓಲಾಡುತ್ತ ಸರಿಯುತ್ತದೆ, ಅಲೆಯಂಥ ಗೆರೆ ಬೀಳುತ್ತದೆ. ಕೂದಲೆಳೆಯಷ್ಟು ಸರಿಸಿ ಇನ್ನೊಂದು ಗೆರೆ, ಮತ್ತೊಂದು. ಸ್ವಲ್ಪ ಜಾಸ್ತಿ ಒತ್ತಿದರೆ ಚಿನ್ನ ಹರಿದು ಹಿತ್ತಾಳೆ ಹಲ್ಲು ಕಿರಿಯುತ್ತದೆ. ಇಷ್ಟೆಲ್ಲ ಬರೀ ಚಂದಕ್ಕಲ್ಲ, ಜೇಬಿನಲ್ಲಿ ಬೀಳುವ ಗೀರುಗಳೂ ಈ ಗೆರೆಗಳ ನಡುವೆ ಮರೆಯಾಗುತ್ತವೆ. ನಡುವೆ ಒಂದು ಜಾಗ ಮಾತ್ರ ನುಣ್ಣಗೆ ಬಿಡುತ್ತಿದ್ದರು, ಯಜಮಾನರ ಹೆಸರಿನ ಅಕ್ಷರ ಕೆತ್ತಿಸಿಕೊಳ್ಳಲು.

ಅಲಗು ಉಕ್ಕಿನದೇ. ಚಿನ್ನದಲ್ಲಿ ಬಾಳೆಹಣ್ಣು ಕೊಯ್ಯಬಹುದೇನೋ. ಅಲಗು, ಸ್ಪ್ರಿಂಗ್ ಇರುವ ಬೋಳು ಚಾಕುವನ್ನು ಚಾಕು ಮಾಡುವವರಿಂದ ತಂದು, ಆಭರಣದವರು ಅದಕ್ಕೆ ಚಿನ್ನದ ಅಂಗಿ ತೊಡಿಸುತ್ತಿದ್ದರು.

ಗಡಿಯಾರ ಮಣಿಕಟ್ಟಿಗೆ ಬಂತು, ಸರಪಳಿ ಹೋಯಿತು, ಅದರ ಹಿಂದೆಯೇ ಈ ಚಾಕುವೂ ಹೋಯಿತು. ಯಾರ ಮನೆಯ ಹಳೇ ಪೆಟ್ಟಿಗೆಯಲ್ಲಾದರೂ ಇಂಥದ್ದು ಸಿಕ್ಕಿದರೆ, ಮೂಲೆಯಲ್ಲಿ ಹಿತ್ತಾಳೆ ಕಂಡಿತು ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಲು ಮಾತ್ರ ಹೋಗಬೇಡಿ. ಉಳಿದ ಚಿನ್ನವೂ ಸವೆಯುತ್ತದೆ, ಒಳಗಿನ ಸ್ಪ್ರಿಂಗೂ ತುಕ್ಕು ಹಿಡಿಯುತ್ತದೆ. ಮೆತ್ತನೆ ಬಟ್ಟೆಯಲ್ಲಿ ಒರೆಸಿ ಇಟ್ಟರೆ ಸಾಕು.